ಕೆಂಪು ನತ್ತು

“ಬರದಾಕಿ ನೀನಽ ಹೌದಿಲ್ಲೊ? ಹಂಗಾರ ಬಳಿಯಾಕಿನೂ ನೀನಽ. ಹಿಡಿ,” ಎಂದು ರಂಗೂಬಾಯಿ ಸುಣ್ಣದ ಕುಂಚವನ್ನು ಇಂದೂನ ಕೈಗೆ ತುರುಕಿದಳು.

ಇಂದೂಗೆ ಇನ್ನೂ ಐದು ತುಂಬಿರಲಿಲ್ಲ. ಕುಂಚ ಅವಳ ತೋಳಿಗಿಂತ ದಪ್ಪವಿತ್ತು. ಪುಣೆಯ ಸದಾಶಿವ ಪೇಠೆಯ ಆ ವಾಡೆಯ ಮೆಟ್ಟಿಲಗೋಡೆಗೆ ಯುಗಾದಿ ಹತ್ತಿರ ಬಂತೆಂದು ಹಿಂದಿನ ದಿನ ಸುಣ್ಣ ಬಳಿಸಿದ್ದರು. ಆಳು ಇನ್ನೊಂದು ಬದಿಗೆ ಏಣಿ ಹಾಕಿಕೊಂಡಿದ್ದ ಹೊತ್ತಿನಲ್ಲಿ ಈ ಬದಿಯ ಬಿಳುಪಿನ ಮೇಲೆ ಇದ್ದಿಲಿನ ಕುದುರೆಯೊಂದು ಎದ್ದಿತ್ತು. ಕುದುರೆಯ ಮೇಲೆ ಮೂರು ಜನ, ಅವರ ತಲೆಯ ಮೇಲೊಂದು ಮೀನು.

ರಂಗೂಬಾಯಿ ಬಾಡಿಗೆ ಬಿಡಾರಗಳಿದ್ದ ಆ ವಾಡೆಯ ಒಡತಿ. ತವರು ಬೆಳಗಾವಿ. ಪುಣೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾದರೂ ಕನ್ನಡ ಮರೆತಿರಲಿಲ್ಲ. ಆದರೆ ಅದನ್ನು ಬೈಯಲಿಕ್ಕೆಂದೇ ಎತ್ತಿಟ್ಟುಕೊಂಡಿದ್ದಳು. ಹಬ್ಬ, ಹರಕೆ, ಬಂಧುಬಳಗ ಎಲ್ಲ ಮರಾಠಿಯಲ್ಲಿ, ಸಿಟ್ಟು ಮಾತ್ರ ಕನ್ನಡದಲ್ಲಿ. ವಾಡೆಯಲ್ಲಿ ಕನ್ನಡದವರೆಂದರೆ ಧಾರವಾಡದಿಂದ ಬಂದ ಇಂದೂನ ತಾಯಿ ವಸಂತಿ ಮತ್ತು ತಂದೆ ಪಂಢರಿನಾಥ ಇಬ್ಬರೇ. ಹೀಗಾಗಿ ಆ ಸಿಟ್ಟು ಬಹುಮಟ್ಟಿಗೆ ಅವರ ಪಾಲಿಗೇ ಬರುತ್ತಿತ್ತು.

ಅಂಗಳದ ನಲ್ಲಿಯಲ್ಲಿ ಬಟ್ಟೆ ಹಿಂಡುತ್ತಿದ್ದ ವಸಂತಿ ಓಡಿ ಬಂದಳು. ಅಷ್ಟರಲ್ಲಿ ಮಗು ಬಕೀಟಿನೊಳಗೆ ಮಣಿಕಟ್ಟಿನ ತನಕ ಕೈ ಅದ್ದಿ ಮೀನನ್ನು ಅಳಿಸಿಯಾಗಿತ್ತು. ಸುತ್ತಲಿನ ಪಡಸಾಲೆಗಳಲ್ಲಿ ವಾಡೆಯ ಹೆಂಗಸರೆಲ್ಲ ಬಂದು ನಿಂತಿದ್ದರು. ಯಾರೂ ತುಟಿ ಬಿಚ್ಚಲಿಲ್ಲ. ಒಡತಿಯ ಬಾಯಿಗೆ ಬಿದ್ದವರು ಆ ವಾಡೆಯಲ್ಲಿ ಉಳಿದದ್ದುಂಟೆ? ವಸಂತಿಯೂ ಒದ್ದೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಸುಮ್ಮನೆ ನಿಂತಳು. ಮಗು ಮೂರು ಜನರನ್ನು ಅಳಿಸಿ, ಕುದುರೆಯ ಕಾಲುಗಳನ್ನು ಒಂದೊಂದಾಗಿ ಅಳಿಸಿ ಮುಗಿಸುವ ತನಕ ನಿಂತೇ ಇದ್ದಳು. ತಾನು ಹಾಗೆ ನಿಂತದ್ದಕ್ಕೆ ಅವಳು ಆಮೇಲೆ ಯಾರನ್ನೂ ಕ್ಷಮಿಸಲಿಲ್ಲ. ರಂಗೂಬಾಯಿಯನ್ನಂತೂ ಇಲ್ಲವೇ ಇಲ್ಲ.

ಸುಣ್ಣ ಹೊಸದು, ಇನ್ನೂ ಕಾವು ಆರಿರಲಿಲ್ಲ. ಸಂಜೆಯ ಹೊತ್ತಿಗೆ ಇಂದೂನ ಬೆರಳುಗಳು ಉಬ್ಬಿದವು, ಮರುದಿನ ಚರ್ಮ ಸುಲಿಯಿತು. ವಸಂತಿ ಕೊಬ್ಬರಿಎಣ್ಣೆ ಹಚ್ಚಿ ಹಳೆಯ ಧೋತರದ ಚಿಂದಿ ಸುತ್ತಿದಳು, ಹಬ್ಬದ ಹೋಳಿಗೆಯನ್ನು ಮುರಿದು ತಾನೇ ಬಾಯಿಗಿಟ್ಟಳು. ಗಾಯ ಮಾಯಿತು. ಆದರೆ ಮಗು ಇದ್ದಿಲು ಮುಟ್ಟುವುದನ್ನು ಬಿಟ್ಟಿತು.

ಇದು ಸಣ್ಣ ಮಾತಲ್ಲ. ಆ ಮನೆಯಲ್ಲಿ ಚಿತ್ರ ಅಂದರೆ ಊಟದಷ್ಟೇ ದಿನದ ಸಂಗತಿ. ಪಂಢರಿನಾಥ ಬುಧವಾರ ಪೇಠೆಯ ಒಂದು ಅಂಗಡಿಯಲ್ಲಿ ದೇವರ ಪಟಗಳಿಗೆ, ಸರದಾರರ ಮನೆಯ ತೈಲಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದ. ಅಲ್ಲಿಂದ ರಟ್ಟಿನ ತುಂಡುಗಳನ್ನು, ಒಂದು ತುದಿ ಕೆಂಪು ಒಂದು ತುದಿ ನೀಲಿ ಇದ್ದ ಪೆನ್ಸಿಲನ್ನು ಮಗಳಿಗೆ ತರುತ್ತಿದ್ದ. ಜೊತೆಗೆ ಅಂಗಡಿಗೆ ಬರುವ ರಸಿಕರ ಮಾತುಗಳನ್ನೂ ಹೊತ್ತು ತರುತ್ತಿದ್ದ. ಮಗಳ ಗೀಚನ್ನು ತೋಳಿನಷ್ಟು ದೂರ ಹಿಡಿದು, ಒಂದು ಕಣ್ಣು ಮುಚ್ಚಿ, “ರೇಖಾ ನೋಡ ವಸಂತಿ, ಎಷ್ಟ ಧೀಟ ಅದ, ಅಂಜಿಕಿನಽ ಇಲ್ಲ. ಈ ಬೆಕ್ಕಿನ ಸುತ್ತ ಖಾಲಿ ಜಾಗಾ ಬಿಟ್ಟಾಳಲ್ಲ, ದೊಡ್ಡದೊಡ್ಡವರಿಗೆ ತಿಳೀದ ಸಂಗತಿ ಅದು” ಎನ್ನುತ್ತಿದ್ದ. ಇಂದೂ ಗಂಭೀರವಾಗಿ ತಲೆಯಾಡಿಸುತ್ತಿದ್ದಳು. “ಅದು ಬೆಕ್ಕಲ್ಲಪ್ಪಾ, ಕಿಟಕಿ,” ಎಂದರೂ ಅವನ ಮೆಚ್ಚುಗೆ ಕಡಿಮೆಯಾಗುತ್ತಿರಲಿಲ್ಲ. ತಂದೆ ಮಗಳ ಈ ಹುಚ್ಚಾಟವನ್ನು ನೋಡಿ ನಗುತ್ತಿದ್ದ ವಸಂತಿಗೆ, ಅದು ನಿಂತ ಮೇಲೆ ಮನೆ ಬಿಕೋ ಅನ್ನಿಸಿತು.

“ಹೋಗ್ಲಿ ಬಿಡು, ದೇವರು ನೋಡ್ಕೊತಾನ,” ಎಂದ ಪಂಢರಿನಾಥ.

“ದೇವರಿಗೆ ಪುಣೇದಾಗ ಇದೊಂದಽ ವಾಡೇ ಏನು? ನಾನಽ ನೋಡ್ಕೊತೀನಿ,” ಎಂದಳು ವಸಂತಿ.

ನೋಡಿಕೊಳ್ಳುವ ದಾರಿಯನ್ನು ಚೈತ್ರಮಾಸವೇ ತೋರಿಸಿತು. ಚೈತ್ರದಲ್ಲಿ ಗೌರಿ ತವರಿಗೆ ಬರುತ್ತಾಳೆ. ಅಕ್ಷಯ ತದಿಗೆಗೆ ಹೊರಡುವ ತನಕ ಪುಣೆಯ ಮನೆಮನೆಯಲ್ಲೂ ತೊಟ್ಟಿಲಲ್ಲಿ ಕೂತಿರುತ್ತಾಳೆ. ಆ ತಿಂಗಳಲ್ಲಿ ಒಂದು ದಿನ ಗೊತ್ತು ಮಾಡಿ, ಗೌರಿಯ ಸುತ್ತ ಮೆಟ್ಟಿಲು ಕಟ್ಟಿ, ಮನೆಯವರ ಕೈಕೆಲಸವನ್ನೆಲ್ಲ ಅದರ ಮೇಲೆ ಜೋಡಿಸಿ, ನೆರೆಹೊರೆಯ ಮುತ್ತೈದೆಯರನ್ನು ಅರಿಷಿಣ ಕುಂಕುಮಕ್ಕೆ ಕರೆಯುತ್ತಾರೆ. ಅದಕ್ಕೆ ಎರಡು ಕಟ್ಟಳೆ. ಗೌರಿಯ ಮುಂದೆ ಇಟ್ಟದ್ದನ್ನು ಹೊಗಳಲೇಬೇಕು, ಹುಳುಕು ಎತ್ತಬಾರದು. ಮಾವಿನಕಾಯಿ ಪಾನಕ ಕುಡಿದು ಕುಂಕುಮ ಹಚ್ಚಿಸಿಕೊಳ್ಳುವ ತನಕ ಏಳಬಾರದು. ಸಿಟ್ಟಿನಿಂದ ಎದ್ದು ಹೋದರೆ ಎರಡು ಮನೆಗೂ ಕೇಡು. ಈ ಕಟ್ಟಳೆಗಳನ್ನು ವಾಡೆಯಲ್ಲಿ ಎಲ್ಲರಿಗಿಂತ ಬಿಗಿಯಾಗಿ ಪಾಲಿಸುವವಳು, ಪಾಲಿಸದವರ ಮೈಮೇಲೆ ಹೋಗುವವಳು ರಂಗೂಬಾಯಿಯೇ.

ವಸಂತಿ ಯೋಚಿಸಿದ್ದು ಸರಳವಾಗಿತ್ತು. ಇಂದೂನ ಕೈಯಿಂದಲೇ ರಂಗೂಬಾಯಿಯ ಚಿತ್ರ ತೆಗೆಸಬೇಕು, ಎಷ್ಟು ವಿಕಾರವಾಗಿದ್ದರೆ ಅಷ್ಟು ಒಳ್ಳೆಯದು. ಬಂಗಾರಬಣ್ಣದ ಚೌಕಟ್ಟು ಹಾಕಿಸಿ ಗೌರಿಯ ಮುಂದೆ ಇಡಬೇಕು. ಸುಣ್ಣ ಬಳಿಸಿದ ದಿನ ನೋಡುತ್ತ ನಿಂತಿದ್ದ ಅವೇ ಹೆಂಗಸರು ಅದನ್ನು ಹೊಗಳಬೇಕು, ರಂಗೂಬಾಯಿಯೂ ಹೊಗಳಬೇಕು. ಆಮೇಲೆ ಇದು ಯಾರೆಂದು ಮಗುವೇ ಹೇಳಬೇಕು. ರಂಗೂಬಾಯಿ ಏಳುವಂತಿಲ್ಲ, ಬೈಯುವಂತಿಲ್ಲ, ಎಲ್ಲರೂ ನಗುತ್ತಿರುವಾಗ ಪಾನಕ ಗುಟುಕರಿಸುತ್ತ ಕೂತಿರಬೇಕು. ಮಾಡಿದ್ದುಣ್ಣೋ ಮಹಾರಾಯ. ಇದನ್ನು ನೆನೆದಾಗಲೆಲ್ಲ ಅವಳಿಗೆ ಹಸಿವೆಯೂ ಚೆನ್ನಾಗಿ ಆಗುತ್ತಿತ್ತು.

ಮಧ್ಯಾಹ್ನ ಮುಸುರೆ ಮುಗಿಸಿ ಅವಳು ಮಗಳ ಮುಂದೆ ರಟ್ಟು ಇಟ್ಟಳು. “ರಂಗೂ ಅಜ್ಜೀ ಚಿತ್ರ ತಗಿ.”

“ನನಗ ಬರೂದಿಲ್ಲ,” ಎಂದಳು ಇಂದೂ.

“ಬರತದ. ತಗಿ.”

ಮೊದಲ ದಿನ ಇಂದೂ ಮುಖ ತಿರುಗಿಸಿ ಮಲಗಿಬಿಟ್ಟಳು. ಎರಡನೆಯ ದಿನ ಶೇಂಗಾ ಬೆಲ್ಲ ಕೊಟ್ಟದ್ದಾಯಿತು. ಆಮೇಲೆ ಗದರಿದ್ದೂ ಆಯಿತು. ಒಂದು ದಿನ ವಸಂತಿ ಪೆನ್ಸಿಲನ್ನು ಅವಳ ಬೆರಳುಗಳ ನಡುವೆ ಇಟ್ಟು ಮೇಲೆ ತನ್ನ ಕೈ ಬಿಗಿದಳು. “ಉರೀತದವ್ವಾ,” ಎಂದಿತು ಮಗು. ಹೊಸ ಚರ್ಮ ಇನ್ನೂ ಎಳೆಯದು. ವಸಂತಿ ಕೈ ಸಡಿಲಿಸಿದಳೇ ಹೊರತು ಎದ್ದು ಹೋಗಲಿಲ್ಲ. ಅವಳ ಮೇಲೆ ಬಗ್ಗಿ ಕೂತೇ ಇದ್ದಳು. “ಬಾಯಿ ದೊಡ್ಡದು ಮಾಡು. ಇನ್ನೂ ದೊಡ್ಡದು. ಹಲ್ಲು ಎಲ್ಲೆವ? ಹಲ್ಲು ತಗಿ. ಆಕಿ ನಿನ್ನ ಕೈ ಸುಟ್ಟಾಳ, ಮರತೇನು?” ಇಂದೂ ಒಂದು ಗೆರೆ ಎಳೆದು ತಾಯಿಯ ಮುಖ ನೋಡುತ್ತಿದ್ದಳು, ಇನ್ನೊಂದು ಎಳೆದು ಮತ್ತೆ ನೋಡುತ್ತಿದ್ದಳು, ಸಾಲದೆಂಬಂತೆ ಅಳಿಸಿಬಿಡುತ್ತಿದ್ದಳು. ಹೀಗೇ ಎಷ್ಟೋ ಮಧ್ಯಾಹ್ನ ಕಳೆದವು. ಗಂಡನಿಗೆ ಇದು ತಿಳಿಯದಂತೆ ಅವಳು ಅರ್ಧಂಬರ್ಧ ರಟ್ಟುಗಳನ್ನು ಒಲೆಗೆ ಹಾಕುತ್ತಿದ್ದಳು.

ಕೊನೆಗೊಂದು ದಿನ ಇಂದೂ ನೀಲಿ ತುದಿ ಹಿಡಿದು, ತಲೆಯೆತ್ತದೆ, ಒಂದೇ ಉಸಿರಿನಲ್ಲಿ ತೆಗೆದುಕೊಟ್ಟಳು. ರಟ್ಟಿನ ಈ ಅಂಚಿನಿಂದ ಆ ಅಂಚಿನ ತನಕ ಮುಖವೇ ಮುಖ. ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ, ಎರಡರಲ್ಲೂ ಸುತ್ತಿ ಸುತ್ತಿ ಕಪ್ಪಾದ ನೀಲಿ. ಬಾಯಿ ತೆರೆದದ್ದು ಎಷ್ಟೆಂದರೆ ಗದ್ದಕ್ಕೆ ರಟ್ಟಿನಲ್ಲಿ ಜಾಗ ಉಳಿದಿರಲಿಲ್ಲ. ಬೇಲಿಯ ಗೂಟಗಳ ಹಾಗೆ ಹಲ್ಲು. ಕಿವಿಗಳಿಂದಲೇ ಹೊರಟ ಎರಡು ಕೈ, ಎಣಿಸಲಾರದಷ್ಟು ಬೆರಳು. ಇಡೀ ಮುಖ ಮೇಲಿನಿಂದ ಬಗ್ಗಿ ಕೆಳಗೆ ನೋಡುತ್ತಿತ್ತು. ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಗುಂಡನೆಯ ಆಕಾರ, ಅದಕ್ಕೆ ಎರಡು ಚುಕ್ಕೆ.

ವಸಂತಿಗೆ ಅದನ್ನು ನೋಡಿ ಮೈಯೆಲ್ಲ ತಂಪಾಯಿತು. ಮಗಳ ಕೆನ್ನೆಗೆ ಮುತ್ತಿಟ್ಟಳು. ಇದು ಯಾರೆಂದು ಕೇಳುವ ಗೊಡವೆಗೆ ಅವಳು ಹೋಗಲಿಲ್ಲ. ತಾನೇ ಹೇಳಿ ತೆಗೆಸಿದ್ದು, ಕೇಳುವುದೇನು? ಒಂದೇ ಒಂದು ಕೊರತೆ ಕಂಡಿತು. ರಂಗೂಬಾಯಿ ಅಂದರೆ ನತ್ತು. ಮೂಗಿನಿಂದ ಗದ್ದದ ತನಕ ತೂಗುವ ಅವಳ ಮುತ್ತಿನ ನತ್ತು ಇಡೀ ಪೇಠೆಗೆ ಗೊತ್ತು, ಅದಿಲ್ಲದೆ ಹೆಂಗಸರು ಗುರುತು ಹಿಡಿಯುವುದು ಹೇಗೆ? ಇಂದೂ ನಿದ್ದೆ ಹೋದ ಮೇಲೆ ವಸಂತಿ ಪೆನ್ಸಿಲಿನ ಕೆಂಪು ತುದಿಯಿಂದ ಆ ನೀಲಿ ಮೂಗಿಗೆ ಒಂದು ದೊಡ್ಡ ನತ್ತು ತೂಗಹಾಕಿದಳು.

ಗೌರಿಯ ಮುಂದೆ ಇಡಲು ಚೌಕಟ್ಟು ಬೇಕೆಂದಾಗ ಪಂಢರಿನಾಥ ಚಿತ್ರವನ್ನು ದೂರ ಹಿಡಿದ. ಈ ಸಲ ಕಣ್ಣು ಮುಚ್ಚಲಿಲ್ಲ.

“ಇದು ರಂಗೂಬಾಯೇನು?”

“ಮತ್ಯಾರು? ನತ್ತು ಕಾಣ್ವಲ್ದೇನು ನಿಮಗ?”

“ನತ್ತು ಕೂಸು ತಗದದ್ದಲ್ಲ.” ಅವನು ಇನ್ನೂ ನೋಡುತ್ತಿದ್ದ. “ಭಾಳ ದೊಡ್ಡ ಚಿತ್ರ ವಸಂತಿ ಇದು. ಚ್ಯಾಷ್ಟಿ ಮಾಡ್ಲಿಕ್ಕತ್ತಿಲ್ಲ ನಾನು. ನೋಡಿದ್ರ ಹೆದರಿಕಿ ಆಗತದ. ಇದನ್ನ ಸೇಡಿಗೆ ಇಡಬ್ಯಾಡ.”

“ಚೌಕಟ್ಟು ಹಾಕ್ತೀರೊ, ನಾ ಬ್ಯಾರೆ ಅಂಗಡಿ ನೋಡ್ಲೊ?”

ಒಡತಿಗಿಂತ ಹೆಂಡತಿಗೆ ಹೆಚ್ಚು ಹೆದರುವ ಮನುಷ್ಯ ಅವನು. ಯಾವುದೋ ಸಂಸ್ಥಾನಿಕರ ಪಟಕ್ಕೆ ತಂದು ಉಳಿದಿದ್ದ ಬಂಗಾರಬಣ್ಣದ ಪಟ್ಟಿಯನ್ನು ಕೊಯ್ದು, ಗಾಜು ಕೂಡಿಸಿ, ಅರಿವೆಯಲ್ಲಿ ಸುತ್ತಿ ತಂದುಕೊಟ್ಟ.

ಅರಿಷಿಣ ಕುಂಕುಮದ ದಿನ ವಸಂತಿಯ ಒಂದೂವರೆ ಕೋಣೆಯ ಬಿಡಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಟ್ಟಿಲಲ್ಲಿ ಗೌರಿ, ಅವಳ ಮುಂದೆ ಕಮಲದ ಹಾಗೆ ಕೊಯ್ದ ಕಲ್ಲಂಗಡಿ, ವಸಂತಿಯ ಕಸೂತಿ, ಮಣಿಯ ಗಿಳಿ. ಎಲ್ಲಕ್ಕೂ ಮೇಲಿನ ಮೆಟ್ಟಿಲಲ್ಲಿ ಬಂಗಾರದ ಚೌಕಟ್ಟು. ಒಳಗೆ ಬಂದವರೆಲ್ಲರ ಕಣ್ಣು ಮೊದಲು ಅಲ್ಲಿಗೇ ಹೋಗಿ, ಹೌಹಾರಿ, ಕಟ್ಟಳೆ ನೆನಪಾಗಿ ಸಾವರಿಸಿಕೊಳ್ಳುತ್ತಿತ್ತು.

ಹೆಡ್‌ಮಾಸ್ತರರ ಹೆಂಡತಿ ಕೃಷ್ಣಾಬಾಯಿ ಕನ್ನಡಕ ಸರಿಮಾಡಿಕೊಂಡಳು. “ಚೌಕಟ್ಟು ಬಹಳ ಸುಂದರವಾಗಿದೆ,” ಎಂದಳು ಮರಾಠಿಯಲ್ಲಿ, ಎಚ್ಚರಿಕೆಯಿಂದ.

“ಚಿತ್ರ ನೋಡಿ ಕಾಕೂ. ರೇಖೆ ಎಷ್ಟು ಧೀಟಾಗಿದೆ,” ಎಂದಳು ವಸಂತಿ. ಗಂಡನ ಮಾತುಗಳನ್ನು ಅವಳು ಬೆಳಗಿನಿಂದ ಮರಾಠಿಯಲ್ಲಿ ಉರುಹೊಡೆದಿದ್ದಳು.

“ನನಗೆ ಗೊತ್ತು, ಇದು ಕಲಕತ್ತೆಯ ಕಡೆಯ ಹೊಸ ಪದ್ಧತಿ,” ಎಂದಳು ಮಹಡಿಯ ಸುಲಭಾ. ಅವಳ ಗಂಡ ಬಣ್ಣದ ಚಿತ್ರಗಳಿದ್ದ ಮಾಸಿಕ ತರಿಸುತ್ತಿದ್ದ. “ಅಲ್ಲಿಯವರು ಹೀಗೇ ಬೆರಳು ಉದ್ದ ತೆಗೆಯುತ್ತಾರೆ. ಈ ಕಣ್ಣುಗಳಲ್ಲಿ ಎಷ್ಟು ಭಾವವಿದೆ, ಅಲ್ಲವೆ?”

ಒಬ್ಬಳು ಭಾವ ಕಂಡಮೇಲೆ ಉಳಿದವರಿಗೆ ಕಾಣದಿದ್ದರೆ ಹೇಗೆ? ಒಬ್ಬಳಿಗೆ ಬಾಯಿಯಲ್ಲಿ ಶಕ್ತಿ ಕಂಡಿತು, ಇನ್ನೊಬ್ಬಳಿಗೆ ಹಲ್ಲಿನ ಸಾಲಿನಲ್ಲಿ ಲಯ ಕಂಡಿತು. ಮೂಗಿನ ಕೆಂಪು ನತ್ತಿನ ಹತ್ತಿರ ಬಂದಾಗ ಮಾತ್ರ ಮಾತು ತಡವರಿಸುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಿದ್ದರು.

ರಂಗೂಬಾಯಿ ಎಲ್ಲರಿಗಿಂತ ಕೊನೆಗೆ ಬಂದಳು, ಹಸಿರು ಪೈಠಣಿ ಸೀರೆ ಉಟ್ಟು, ನತ್ತು ತೂಗಿಸಿಕೊಂಡು. ಗೌರಿಗೆ ಕೈಮುಗಿದು ತಲೆಯೆತ್ತಿದಳು. ಚಿತ್ರ ನೋಡಿದಳು. ನತ್ತು ನೋಡಿದಳು. ಅವಳ ಮುಖದ ಬಣ್ಣ ಏರಿ ಇಳಿದದ್ದನ್ನು ವಸಂತಿ ಕಣ್ತುಂಬ ಕಂಡಳು.

“ಚೆನ್ನಾಗಿದೆ,” ಎಂದಳು ರಂಗೂಬಾಯಿ. ಕಟ್ಟಳೆ ಕಟ್ಟಳೆಯೇ.

“ಚಿತ್ರಕಾರರು ಇಲ್ಲೇ ಇದ್ದಾರೆ,” ಎಂದು ವಸಂತಿ ಬಾಗಿಲ ಹಿಂದೆ ನಿಂತಿದ್ದ ಇಂದೂನನ್ನು ಎಳೆದು ಎಲ್ಲರ ನಡುವೆ ನಿಲ್ಲಿಸಿದಳು. ಹೆಂಗಸರಲ್ಲಿ ಗುಜುಗುಜು ಎದ್ದಿತು. ವಸಂತಿ ಬಗ್ಗಿ, ಮಗಳ ಗದ್ದ ಹಿಡಿದು ಕನ್ನಡದಲ್ಲಿ ಕೇಳಿದಳು. “ಹೇಳು ಪುಟ್ಟಾ, ಈ ಚಿತ್ರ ಯಾರದು? ಎಲ್ಲಾರಿಗೂ ಕೇಳಿಸೂಹಂಗ ಹೇಳು.”

ಚಿತ್ರ ಗಾಜಿನ ಹಿಂದೆ ಕೂತ ಮೇಲೆ ಇಂದೂ ಅದನ್ನು ನೋಡಿರಲಿಲ್ಲ. ಈಗ ನೋಡಿದಳು. ನತ್ತಿನ ಮೇಲೆ ಅವಳ ಕಣ್ಣು ನಿಂತಿತು, ಹುಬ್ಬು ಗಂಟಾಯಿತು.

“ರಂಗೂ ಅಜ್ಜಿ ಅಲ್ಲ ಇದು,” ಎಂದಳು. “ನತ್ತು ನಾ ತಗದಿಲ್ಲ. ನತ್ತು ನೀ ತಗದೀದಿ. ಇದು ನೀನು.”

ಅಲ್ಲಿದ್ದ ಹೆಂಗಸರಿಗೆ ಕನ್ನಡ ಬಾರದು. ಅಷ್ಟು ಮಾತಿನಲ್ಲಿ ಅವರ ಕಿವಿಗೆ ಹತ್ತಿದ್ದು ‘ರಂಗೂ ಅಜ್ಜಿ’, ‘ನತ್ತು’ ಎರಡೇ. ಅಷ್ಟು ಸಾಕಾಯಿತು. ಸುಲಭಾ ಸೆರಗು ಕಚ್ಚಿಕೊಂಡಳು, ಕೃಷ್ಣಾಬಾಯಿ ತೊಲೆ ಎಣಿಸುವವಳಂತೆ ಮೇಲೆ ನೋಡಿದಳು, ಮೂಲೆಯಿಂದ ಒಂದು ನಗು ಕಿಸಕ್ಕೆಂದು ಹೊರಟು ಕೋಣೆಯನ್ನೆಲ್ಲ ಸುತ್ತಿತು. ವಸಂತಿ ಚೈತ್ರವೆಲ್ಲ ಕಾದು ಕೂತಿದ್ದ ನಗು ಅದೇ. ಬಂತು. ಅವಳಿಗೆ ಅದು ಕೇಳಿಸಲೇ ಇಲ್ಲ. ಮಗುವಿನ ಮಾತು ತಿಳಿದ ಇನ್ನೊಬ್ಬಳು ಆ ಕೋಣೆಯಲ್ಲಿದ್ದಳು, ಅವಳು ವಸಂತಿಯನ್ನೇ ನೋಡುತ್ತಿದ್ದಳು.

ರಂಗೂಬಾಯಿ ಮಗುವಿನ ಎತ್ತರಕ್ಕೆ ಕೂತಳು. ಕನ್ನಡದಲ್ಲಿ, ಆದರೆ ಮೆಲ್ಲಗೆ ಕೇಳಿದಳು. “ಕೆಳಗ ಈ ಸಣ್ಣದು ಯಾರು?”

“ನಾನು.”

“ಮತ್ತ ನಾ ಎಲ್ಲಿದ್ದೀನಿ?”

“ನೀ ಇಲ್ಲ,” ಎಂದಳು ಇಂದೂ. “ನಾವಿಬ್ಬರಽ ಇದ್ವಿ.”

“ಏನಂತೆ? ಏನು ಹೇಳುತ್ತಿದೆ ಮಗು?” ಎಂದು ಕೃಷ್ಣಾಬಾಯಿ ವಸಂತಿಯನ್ನು ಕೇಳಿದಳು. ವಸಂತಿ ಪಾನಕದ ಲೋಟಗಳ ಕಡೆ ತಿರುಗಿದಳು.

ರಂಗೂಬಾಯಿ ಮಂಡಿಗೆ ಕೈ ಊರಿ ಎದ್ದಳು. ನತ್ತು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಹೇಳಿದಳು. “ನನ್ನ ಚಿತ್ರವಂತೆ. ಎಷ್ಟು ಚೆನ್ನಾಗಿ ತೆಗೆದಿದ್ದಾಳೆ ನೋಡಿ. ನನ್ನ ಬಾಯಿ ಇಷ್ಟೇ ದೊಡ್ಡದು, ನಿಮಗೆಲ್ಲ ಗೊತ್ತಿದ್ದದ್ದೇ.”

ನಗು ಈಗ ಮುಚ್ಚುಮರೆ ಬಿಟ್ಟು ಹೊರಬಂತು. ವಾಡೆಯಲ್ಲಿ ಯಾರೂ ರಂಗೂಬಾಯಿಯನ್ನು ನೋಡಿ ಹಾಗೆ ಅಕ್ಕರೆಯಿಂದ ನಕ್ಕಿರಲಿಲ್ಲ. ಅವಳು ಗೌರಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಪಾನಕ ಕೇಳಿದಳು, ಕುಡಿದು ಇನ್ನೊಂದು ಲೋಟ ಹಾಕಿಸಿಕೊಂಡಳು, ಮಾವಿನಕಾಯಿ ಹೆಚ್ಚು ಹುಳಿಯಾಗಿಲ್ಲವೆಂದು ಮೆಚ್ಚಿದಳು.

ವಸಂತಿ ಕುಂಕುಮದ ಬಟ್ಟಲು ಹಿಡಿದು ಎದುರಿಗೆ ಕೂತಳು. ಹಣೆ ಮುಂದೆ ಮಾಡಿ ಕೂತ ರಂಗೂಬಾಯಿ ತಗ್ಗಿದ ದನಿಯಲ್ಲಿ ಅಂದಳು. “ಕೂಸು ಆಡಿದ್ದು ನಮ್ಮಿಬ್ಬರಿಗಽ ಗೊತ್ತು. ನಾ ಯಾರ ಮುಂದೂ ಆಡೂದಿಲ್ಲ. ನೀನೂ ಇನ್ನ ನನ್ನ ಮುಂದ ತಲಿ ಎತ್ತಿ ಆಡಬ್ಯಾಡ.” ಆಮೇಲೆ ದನಿ ಏರಿಸಿ ಮರಾಠಿಯಲ್ಲಿ, “ಗೌರಿ ಹೊರಡುವ ತನಕ ಚಿತ್ರ ಕೆಳಗಿಳಿಸಬೇಡಮ್ಮ. ನಮ್ಮ ಮುಂಬಯಿಯ ನೆಂಟರಿಗೆಲ್ಲ ತೋರಿಸಬೇಕು,” ಎಂದಳು.

ಬೈದಿದ್ದರೆ ವಸಂತಿಯ ಹತ್ತಿರ ಉತ್ತರವಿತ್ತು, ಒಂದಲ್ಲ ಹತ್ತು. ಮನೆ ಬಿಡಿಸಿದ್ದರೂ ತಲೆಯೆತ್ತಿ ಹೋಗುತ್ತಿದ್ದಳು. ಇದಕ್ಕೆ ಏನು ಮಾಡುವುದು? ಅವಳು ಬಗ್ಗಿ ರಂಗೂಬಾಯಿಯ ಕಾಲಿಗೆ ನಮಸ್ಕಾರ ಮಾಡಿದಳು. ಹಿರಿಯ ಮುತ್ತೈದೆಗೆ ಮಾಡಲೇಬೇಕಾದ ನಮಸ್ಕಾರ. ಹಲ್ಲು ಕಚ್ಚಿಕೊಂಡು ಮಾಡಿದಳು.

ರಂಗೂಬಾಯಿ ಹೇಳಿದ ಹಾಗೇ ನಡೆದುಕೊಂಡಳು. ಇವತ್ತು ನಾದಿನಿ, ನಾಳೆ ಬೀಗಿತ್ತಿ, ಮರುದಿನ ಅವರ ಪೈಕಿಯವರು. ಒಬ್ಬೊಬ್ಬರನ್ನೂ ಕರೆತಂದು ಚೌಕಟ್ಟಿನ ಮುಂದೆ ನಿಲ್ಲಿಸಿ, ದೊಡ್ಡ ಚಿತ್ರಶಾಲೆಯಲ್ಲಿ ನಿಂತವಳ ಹಾಗೆ ವಿವರಿಸುತ್ತಿದ್ದಳು. “ಈ ಕಣ್ಣು ನೋಡಿ. ಹೇಗೆ ಮೇಲಿನಿಂದ ಬಗ್ಗಿ ನೋಡುತ್ತವೆ. ಈ ಕೈ ನೋಡಿ. ಮಕ್ಕಳು ಕಂಡದ್ದನ್ನೇ ತೆಗೆಯುತ್ತಾರೆ, ಅಲ್ಲವೆ ವಸಂತಿ?” ವಸಂತಿ ಹೌದು ಕಾಕೂ ಎನ್ನುತ್ತಿದ್ದಳು, ಲೋಟ ತುಂಬುತ್ತಿದ್ದಳು. ಅವಳು ಚಿತ್ರದ ಕಡೆ ಕಣ್ಣೆತ್ತುವುದನ್ನು ಬಿಟ್ಟಿದ್ದಳು. ಪಂಢರಿನಾಥ ಏನೂ ಕೇಳಲಿಲ್ಲ. ಅವನು ಕೇಳದೇ ಇದ್ದದ್ದಕ್ಕೂ ಅವಳಿಗೆ ಅವನ ಮೇಲೆ ಸಿಟ್ಟು ಬಂತು.

ಅಕ್ಷಯ ತದಿಗೆಯಂದು ಗೌರಿಯನ್ನು ಕಳಿಸಿಕೊಟ್ಟ ಮೇಲೆ ವಸಂತಿ ಮೆಟ್ಟಿಲು ಬಿಚ್ಚಿದಳು. ಚೌಕಟ್ಟನ್ನು ಅರಿವೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟು ಹಿಂದಿರುಗಿದಾಗ, ಕಿಟಕಿಯ ಕೆಳಗಿನ ಬಿಸಿಲಲ್ಲಿ ಇಂದೂ ಬೋರಲು ಮಲಗಿ ರಟ್ಟಿನ ಮೇಲೆ ಏನೋ ತೆಗೆಯುತ್ತಿದ್ದಳು. ಯಾರೂ ತೆಗೆ ಎಂದಿರಲಿಲ್ಲ. ನಾಲಿಗೆಯ ತುದಿ ಹೊರಗೆ ಬಂದಿತ್ತು, ಗಂಟಲಲ್ಲಿ ಏನೋ ಗುನುಗು. ವಸಂತಿ ಅಲ್ಲೇ ನಿಂತಳು. ಏನು ತೆಗೆಯುತ್ತಿದ್ದಾಳೆಂದು ನೋಡುವ ಆಸೆ ತಡೆಯಲಾಗದೆ ಒಂದು ಹೆಜ್ಜೆ ಮುಂದಿಟ್ಟಳು.

ಬಳೆ ಸದ್ದಾಯಿತು. ಗುನುಗು ನಿಂತಿತು. ಇಂದೂ ತಲೆಯೆತ್ತಲಿಲ್ಲ. ರಟ್ಟಿನ ಮೇಲೆ ಎದೆಯೊತ್ತಿ, ಕೆನ್ನೆಯೊತ್ತಿ ಅದನ್ನು ಪೂರ್ತಿ ಮುಚ್ಚಿಕೊಂಡು ಕಣ್ಣು ಮುಚ್ಚಿದಳು. ಕೈಯಿಂದ ಜಾರಿದ ಪೆನ್ಸಿಲ್ ಉರುಳಿಕೊಂಡು ವಸಂತಿಯ ಕಾಲಿನ ಹತ್ತಿರ ಬಂತು. ಎತ್ತಿಕೊಡಲೆಂದು ಅವಳು ಬಗ್ಗಿದಳು. ಮಗುವಿನ ಹೆಗಲು ಬಿಗಿಯಾದದ್ದು ಕಂಡಿತು. ಅವಳು ಹಾಗೇ, ಕೈ ನೆಲಕ್ಕೆ ಮುಟ್ಟುವ ಮೊದಲೇ, ನೆಟ್ಟಗಾದಳು.